ಹಗ್ಗ ಹಿಡಿದ ಮರೆಪ್ಪ

ಅಂಜುಬುರುಕರನ್ನು ನೀವು ಬೇಕಾದಷ್ಟು ನೋಡಿರಬಹುದು, ಆದರೆ ಮುಂಬಯಿ ಸಯನ್ನಿನ ಮರೆಪ್ಪನಂಥವನನ್ನು ನೋಡಿರಲಾರಿರಿ. ಆಳು ನೋಡಿದರೆ ಖೋಲಿಯ ಬಾಗಿಲಲ್ಲಿ ತಲೆ ಬಗ್ಗಿಸಿ ಹೋಗಬೇಕಾದಷ್ಟು ಎತ್ತರ, ತೋಳು ಒನಕೆಯಷ್ಟು ದಪ್ಪ. ಅಂಥವನು, ಹೆಂಡತಿ ರಾಚವ್ವ ನಲ್ಲಿಗೆ ಹೋಗಿ ತುಸು ತಡಮಾಡಿದರೆ ಸಾಕು, ಚಾಳಿನ ವರಾಂಡದಲ್ಲಿ ನಿಂತು "ರಾಚೀ, ಎಲ್ಲಿದ್ದೀ?" ಎಂದು ಕೂಗುವನು. ಬಚ್ಚಲಿಗೆ ಹೋದವಳ ಸದ್ದು ಕೇಳದಿದ್ದರೂ ಕೂಗುವನು. "ಸತ್ತಿಲ್ರೀ, ಮಾರಿ ತೊಳಕೊಳ್ಳಾಕ್ಹತ್ತೀನಿ!" ಎಂದು ಅವಳು ಒಳಗಿನಿಂದಲೇ ಉತ್ತರ ಕೊಡಬೇಕು. ಚಾಳಿನ ಹೆಂಗಸರಿಗೆ ಇದೊಂದು ದೊಡ್ಡ ತಮಾಷೆ. ರಾಚವ್ವ ಮಾತ್ರ ಒಂದು ದಿನವೂ ನಕ್ಕವಳಲ್ಲ. ಕೂಗಿದಾಗೆಲ್ಲ ಉತ್ತರ ಕೊಡುತ್ತಿದ್ದಳು, ಅಷ್ಟೇ.

ಅವಳಿಗೆ ಕಾರಣ ಗೊತ್ತಿತ್ತು. ಮರೆಪ್ಪನದು ವಿಜಾಪುರ ಜಿಲ್ಲೆಯ ಸಿಂದಗಿ ಕಡೆಯ ಊರು, ಬಾವಿ ತೋಡುವ ಮನೆತನ. ಅಣ್ಣ ದಾನಪ್ಪ ಕೆಳಗಿಳಿಯುವವನು, ಮರೆಪ್ಪ ಮೇಲೆ ಹಗ್ಗ ಹಿಡಿಯುವವನು. ಆ ಕಸುಬಿನಲ್ಲಿ ಒಂದು ರೂಢಿಯಿತ್ತು. ಕೆಳಗಿಳಿದವನು ಆಗಾಗ "ಹಿಡದೀಯೇನು?" ಎಂದು ಕೇಳಬೇಕು, ಮೇಲಿನವನು "ಹಿಡದೀನಿ" ಎನ್ನಬೇಕು. ಕೆಳಗಿನವನಿಗೆ ಅದು ಧೈರ್ಯ. ಮೇಲಿನವನಿಗೆ, ಕೆಳಗೆ ಉಸಿರಾಡುತ್ತಿದೆ ಎಂಬ ಗುರುತು. ಒಂದು ಬೇಸಗೆಯಲ್ಲಿ ಹಾಳುಬಾವಿಯೊಂದರ ಹೂಳು ತೆಗೆಯುತ್ತಿದ್ದಾಗ ದಾನಪ್ಪ ಕೇಳುವುದನ್ನು ನಿಲ್ಲಿಸಿದ. ಮರೆಪ್ಪ ಎಳೆಯಲು ಹೋದ. ಬಾವಿಯ ಯಜಮಾನ, "ಏ ತಡಿಯಪಾ, ಬುಟ್ಟಿ ತುಂಬಾಕ್ಹತ್ತಿರಬೇಕು, ನಡುವ ಎಳದ್ರ ಬಿದ್ದಾನು" ಎಂದ. ದೊಡ್ಡವರ ಮಾತು, ಮರೆಪ್ಪ ತಡೆದ. ಆಮೇಲೆ ಎಳೆದಾಗ ಮೇಲೆ ಬಂದದ್ದು ಹೆಣ. ತಳದಲ್ಲಿ ಕೆಟ್ಟ ಗಾಳಿ ಕೂತಿತ್ತಂತೆ. ಮೈಮೇಲೆ ಒಂದು ಗೀರೂ ಇರಲಿಲ್ಲ, ನಿದ್ದೆಹೋದವನ ಹಾಗಿದ್ದ. ಅಂದಿನಿಂದ ಯಾರಾದರೂ ಸುಮ್ಮನಾದರೆ ಮರೆಪ್ಪನ ಜೀವ ಬಾಯಿಗೆ ಬರುತ್ತದೆ. ಇನ್ನೇನು ಮಾಡಿಯಾನು, ಪಾಪ!

ಊರು ಬಿಟ್ಟ. ಮುಂಬಯಿಯಲ್ಲಿ ಕಟ್ಟಡಗಳ ಪಾಯ ತೋಡಿದ, ಸಿಮೆಂಟು ಹೊತ್ತ. ಎಪ್ಪತ್ತನಾಲ್ಕರ ಚಳಿಗಾಲದಲ್ಲಿ, ಇನ್ನೊಮ್ಮೆ ಮುಟ್ಟಬಾರದು ಅಂದುಕೊಂಡಿದ್ದ ಹಗ್ಗವೇ ಕೈಗೆ ಬಂತು. ಕಚೇರಿಯೊಂದು ಮುಂಬಯಿಯ ಹೊರಗಿನ ಸಮುದ್ರದ ತಳ ನೋಡಲು ಹೊರಟಿತ್ತು. ಎಲ್ಲಿ ಕೆಸರು, ಎಲ್ಲಿ ಮರಳು, ಎಲ್ಲಿ ಕಲ್ಲು, ಯಾವ ಜೀವ ಎಲ್ಲಿ ಮನೆಮಾಡಿಕೊಂಡಿದೆ ಎಂದು ನಕ್ಷೆ ಮಾಡುವ ಕೆಲಸ. ಅದಕ್ಕೊಂದು ವಿಲಾಯಿತಿ ಟೀವಿ ಕ್ಯಾಮೆರಾ. ನೀರು ಹೋಗದ ಉಕ್ಕಿನ ಡಬ್ಬಿ, ದಪ್ಪ ಗಾಜಿನ ಕಣ್ಣು, ಪಕ್ಕದಲ್ಲಿ ದೀಪ. ಎಲ್ಲವನ್ನೂ ಕಬ್ಬಿಣದ ಪಂಜರದಲ್ಲಿ ಕೂರಿಸಿ ಲಾಂಚಿನಿಂದ ಹಗ್ಗದಲ್ಲಿ ಇಳಿಬಿಡಬೇಕು. ಲಾಂಚು ಅಲೆಗೆ ಏರಿಳಿದಂತೆ ಹಗ್ಗವನ್ನು ಎಳೆದು ಸಡಿಲಿಸಿ ಮಾಡದಿದ್ದರೆ ಪಂಜರ ಕಲ್ಲಿಗೆ ಬಡಿಯುತ್ತದೆ. ಹಗ್ಗ ಹಿಡಿಯಲು ಗಟ್ಟಿ ಆಳು ಬೇಕಿತ್ತು, ಮರೆಪ್ಪ ಸಿಕ್ಕ. "ರಾಚವ್ವಾ, ನಿನ್ನ ಗಂಡ ಟೀವಿಯಾಗ ಅದಾನಂತಲ್ಲ!" ಎಂದು ಚಾಳಿನವರು ಚೇಷ್ಟೆ ಮಾಡಿದರು. ಟೀವಿಯಲ್ಲಿ ಏನಿತ್ತು, ಮಣ್ಣು!

ಚಿತ್ರವು ರಬ್ಬರಿನ ವೈರಿನಲ್ಲಿ ಮೇಲೆ ಬಂದು ಕ್ಯಾಬಿನ್ನಿನ ಪರದೆಯ ಮೇಲೆ ಕಾಣುತ್ತಿತ್ತು. ಬೆಳಕಿದ್ದರೆ ಕಾಣದು, ಆದ್ದರಿಂದ ಕ್ಯಾಬಿನ್ನಿಗೆ ಸುತ್ತಲೂ ತಾಡಪಾಲು ಬಿಗಿದು ಕತ್ತಲೆ ಮಾಡಿದ್ದರು. ಆ ಕತ್ತಲೆಯಲ್ಲಿ ಕೂರುವವನು ನೀಲಕಂಠಪ್ಪ. ಧಾರವಾಡದ ಹುಡುಗ, ಬಿ.ಎಸ್ಸಿ. ಓದಿದವನು, ಮುಲುಂಡಿನಲ್ಲಿ ಹೊಸದಾಗಿ ಸಂಸಾರ ಹೂಡಿದ್ದ. ಪರದೆಯ ಮೇಲೆ ಕಂಡದ್ದನ್ನು ಕೂಗಿ ಹೇಳುವುದು ಅವನ ಕೆಲಸ. ಹೊರಗೆ ಕೂತು ಅದನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳುವವರು ವರ್ತಕ್ ಸಾಹೇಬರು. ಲಾಂಚು ನಡೆಸಲು ಮೀನು ಹಿಡಿಯುವ ಕೋಳಿ ಜನರ ಪೈಕಿಯ ಒಬ್ಬ ಮುದುಕ ತಾಂಡೇಲ. ಲಾಂಚಿನಲ್ಲಿ ಇದ್ದವರು ಈ ನಾಲ್ವರೇ.

"ಕೆಸರು... ಕೆಸರು... ಚಿಪ್ಪು ಬಂತು... ಮರೆಪ್ಪಣ್ಣ, ಕಲ್ಲು ಕಲ್ಲು, ಎತ್ತು! ಆಹಾ, ಬೀಸಣಿಕಿಯಂಥಾ ಗಿಡ ನೋಡಪಾ!" ಎಂದು ತಾಡಪಾಲಿನೊಳಗಿನಿಂದ ದನಿ ಬರುತ್ತಿದ್ದರೆ ಮರೆಪ್ಪನ ಎದೆ ಹಗುರಾಗಿರುತ್ತಿತ್ತು. ಕೆಳಗೆ ಇಳಿದಿರುವುದು ಬರೀ ಡಬ್ಬಿ ಎಂದು ಅವನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಗ್ಗ ಕೆಳಗೆ ಹೋಗಿದೆ, ದನಿ ಬರುತ್ತಿದೆ. ಕೈಗೆ ಅಷ್ಟು ಸಾಕು. ಒಮ್ಮೆ ರೊಟ್ಟಿ ತಿನ್ನುತ್ತ ದಾನಪ್ಪನ ವಿಷಯ ಬಾಯಿಬಿಟ್ಟ. ನೀಲಕಂಠಪ್ಪ ಮರುದಿನದಿಂದ ಕ್ಯಾಬಿನ್ನಿನೊಳಗಿಂದ ಆಗಾಗ, "ಮರೆಪ್ಪಣ್ಣ, ಹಿಡದೀಯೇನು?" ಎಂದು ಕೇಳತೊಡಗಿದ. ಮೊದಮೊದಲು ಚೇಷ್ಟೆಗೆ, ಆಮೇಲೆ ರೂಢಿಯಾಗಿ. "ಹಿಡದೀನ್ರಿ!" ಎಂದು ಇವನು ಕೂಗುವನು. ತಾಂಡೇಲ ನಗುವನು.

ನಗದವರು ವರ್ತಕ್ ಸಾಹೇಬರು. ಅವರದೂ ಪಾಪ ಬೇರೆ ಸಂಕಟ. ಮುಂಬಯಿಯ ಸಮುದ್ರವೆಂದರೆ ಮಳೆಗಾಲದ ಹಳ್ಳದ ನೀರು. ಚಳಿಗಾಲದಲ್ಲಿ, ಅದೂ ಅಷ್ಟಮಿ ನವಮಿಯ ಹೊತ್ತಿಗೆ ಭರತ ಇಳಿತದ ಜೋರು ತಗ್ಗಿದಾಗ ಮಾತ್ರ ತುಸು ತಿಳಿಯಾಗುತ್ತದೆ. ಅಷ್ಟರಲ್ಲಿ ಕೆಲಸ ಮುಗಿಸಬೇಕು. ಈ ಮರೆಪ್ಪನೋ, ನೀಲಕಂಠಪ್ಪ ನೀರು ಕುಡಿಯಲು ಸುಮ್ಮನಾದಾಗ ಒಮ್ಮೆ, ಚಷ್ಮಾ ಒರೆಸಿಕೊಳ್ಳಲು ಸುಮ್ಮನಾದಾಗ ಇನ್ನೊಮ್ಮೆ, ಹೇಳದೆ ಕೇಳದೆ ಕ್ಯಾಮೆರಾವನ್ನು ಸರಸರನೆ ಮೇಲಕ್ಕೆ ಎಳೆದುಬಿಟ್ಟಿದ್ದ. ಎರಡು ಸಲವೂ ಅಂದಿನ ಕೆಲಸ ಹಾಳು. ಸಾಹೇಬರು ರೇಗಿ ಕೆಂಡವಾದರು. "ಫಿರ್ ಸೇ ಬಿನಾ ಹುಕುಂ ಖೀಂಚಾ ತೋ ಘರ್ ಜಾನಾ!" ಎಂದು, ಹುಕುಂ ಇಲ್ಲದೆ ಇನ್ನೊಮ್ಮೆ ಎಳೆದರೆ ನೌಕರಿ ಹೋದಂತೆಯೇ ಎಂದು ಮರೆಪ್ಪನಿಗೆ ಎಚ್ಚರಿಕೆ ಕೊಟ್ಟರು. ನೀಲಕಂಠಪ್ಪನಿಗೂ ಆಜ್ಞೆಯಾಯಿತು. ಕೆಸರು ಕೆಸರು ಎಂದು ಅರಚುವುದು ಬೇಡ, ತಳ ಬದಲಾದಾಗ ಮಾತ್ರ ಹೇಳಿದರೆ ಸಾಕು.

ಅಂದು ಮರೆಪ್ಪನಿಗೆ ಉಂಡದ್ದು ಇಳಿಯಲಿಲ್ಲ. "ಕೆಲಸ ಹ್ವಾದ್ರ ಹೋಗ್ಲಿ ಬಿಡ್ರಿ, ಹಿಂಗ ಅಂಜಿ ಅಂಜಿ ಸಾಯಬ್ಯಾಡ್ರಿ" ಎಂದಳು ರಾಚವ್ವ. ಮರೆಪ್ಪ, "ನಾ ಬಿಟ್ರ ಅವನ ಹಗ್ಗ ಯಾರ ಹಿಡೀತಾರ?" ಎಂದ. ಕ್ಯಾಬಿನ್ನಿನಲ್ಲಿ ಕುರ್ಚಿಯ ಮೇಲೆ ಕೂರುವವನಿಗೆ ಎಲ್ಲಿಯ ಹಗ್ಗ! ಆದರೆ ರಾಚವ್ವ ಹಾಗೆ ಕೇಳಲಿಲ್ಲ. ಆ ಹುಡುಗನಿಗೆ ಈಚೆಗೆ ವಿಪರೀತ ತಲೆನೋವು ಎಂದು ಗಂಡ ಹೇಳಿದ್ದರಿಂದ, ಹಣೆಗೆ ಹಚ್ಚಿಕೊಳ್ಳಲಿ ಎಂದು ಶುಂಠಿ ತೇದು ಡಬ್ಬಿಯಲ್ಲಿ ಹಾಕಿಕೊಟ್ಟಳು. ತಲೆನೋವು ಟೀವಿ ನೋಡಿ ನೋಡಿ ಬಂದದ್ದು ಎಂದು ಎಲ್ಲರೂ ಅಂದುಕೊಂಡಿದ್ದರು. ನೀಲಕಂಠಪ್ಪನೂ ಹಾಗೆಯೇ ಅಂದುಕೊಂಡಿದ್ದ. ಕರೆಂಟು ಕೊಡುವ ಜನರೇಟರಿಗೆ ಅಲೆಯ ನೀರು ಸಿಡಿಯುತ್ತದೆಂದು ಅದನ್ನು ಕ್ಯಾಬಿನ್ನಿನ ಬೆನ್ನಿಗೆ, ತಾಡಪಾಲಿನ ಮರೆಗೆ ಸರಿಸಿಟ್ಟದ್ದೂ ಆ ವಾರವೇ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಮರುದಿನ ಬೆಳಿಗ್ಗೆ ಲಾಂಚು ಮಢ್ ದ್ವೀಪ ದಾಟಿ ಹೊರಗೆ ಕಲ್ಲುಗಳಿರುವ ಕಡೆ ನಿಂತಿತು. ಗಾಳಿ ಪೂರಾ ಬಿದ್ದುಹೋಗಿತ್ತು. "ಎಂಥಾ ತಿಳಿ ನೀರು!" ಎಂದು ಸಾಹೇಬರಿಗೆ ಖುಷಿಯೋ ಖುಷಿ. ನೀಲಕಂಠಪ್ಪ ಹಣೆಗೆ ಶುಂಠಿ ಬಳಿದುಕೊಂಡು, "ಈಗ ಖರೇನ ಸ್ವಾಮಿಗೋಳು ಕಂಡಂಗ ಕಾಣ್ತೀನಿ ನೋಡು" ಎಂದು ನಗಿಸಿ ಒಳಗೆ ಹೋದ. ತಾಡಪಾಲು ಬಿಗಿದರು. ಜನರೇಟರು ಬಡಬಡ ಹೊಡೆದುಕೊಳ್ಳತೊಡಗಿತು. ಮರೆಪ್ಪ ಪಂಜರವನ್ನು ಇಳಿಬಿಟ್ಟ.

"ಹಿಡದೀಯೇನು?"

"ಹಿಡದೀನ್ರಿ!"

"ಕೆಸರು" ಎಂದಿತು ದನಿ. ಸ್ವಲ್ಪ ಹೊತ್ತಿಗೆ "ಚಿಪ್ಪು" ಎಂದಿತು. ಆಮೇಲೆ ಮತ್ತೆ "ಕೆಸರು". ಅಷ್ಟೇ, ಮುಂದೆ ಏನೂ ಇಲ್ಲ.

ಮರೆಪ್ಪ ಕಾದ. ಸುಮ್ಮನಿರಬೇಕೆಂದು ಹುಕುಂ ಇದೆಯಲ್ಲ, ಕೆಸರೇ ಇದ್ದರೆ ಏನು ಹೇಳುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡ. ಆದರೆ "ಹಿಡದೀಯೇನು" ಎಂದಾದರೂ ಕೇಳಬೇಕಿತ್ತಲ್ಲ? ಸಾಹೇಬರಿಗೆ ಅಂಜಿ ಕೇಳಲಿಲ್ಲವೋ ಏನೋ. ಅಂಗೈ ಬೆವರಿ ಹಗ್ಗ ಜಾರತೊಡಗಿತು. ಕೇಳದಿದ್ದರೂ ತಾನೇ, "ಹಿಡದೀನ್ರಿ!" ಎಂದು ಕೂಗಿದ. ಜನರೇಟರಿನ ಸದ್ದೊಂದೇ.

"ಸಾಹೇಬ್, ವೋ ಬೋಲ್ತಾ ನಹೀ" ಎಂದ.

ವರ್ತಕ್ ಸಾಹೇಬರು ನಕ್ಷೆಯಿಂದ ತಲೆ ಎತ್ತಲಿಲ್ಲ. "ಕೀಚಡ್ ಹೋಗಾ. ತೂ ರಸ್ಸೀ ದೇಖ್." ಕೆಸರಿರಬೇಕು, ನೀನು ಹಗ್ಗ ನೋಡಿಕೋ ಎಂದು.

ತಡಿಯಪಾ, ಬುಟ್ಟಿ ತುಂಬಾಕ್ಹತ್ತಿರಬೇಕು. ಬಾವಿಯ ಯಜಮಾನನ ಅದೇ ಮಾತು! ಊರು ಬೇರೆ, ಭಾಷೆ ಬೇರೆ, ಮಾತು ಅದೇ. ನೌಕರಿ ಹೋಗಲಿ, ಖೋಲಿ ಹೋಗಲಿ, ಏನು ಬೇಕಾದರೂ ಹೋಗಲಿ. ಮರೆಪ್ಪ ಇದ್ದಬದ್ದ ಬಲವೆಲ್ಲ ಹಾಕಿ ಹಗ್ಗ ಎಳೆಯತೊಡಗಿದ. ಕೈಮೇಲೆ ಕೈ, ಕೈಮೇಲೆ ಕೈ. "ಅರೇ! ಕಿಸನೇ ಬೋಲಾ ಖೀಂಚನೇ ಕೋ?" ಎಂದು ಸಾಹೇಬರು ಎದ್ದುನಿಂತು ಕಿರುಚಿದರು. ಮರೆಪ್ಪ ಕೇಳಿಸಿಕೊಳ್ಳಲಿಲ್ಲ. "ಬಂದ್ಯಾ, ಬಂದ್ಯಾ" ಎಂದು ತುಟಿಯೊಳಗೇ ಅನ್ನುತ್ತ ಎಳೆದ.

ಪಂಜರ ನೀರಿನಿಂದ ಮೇಲೆ ಬಂತು. ದೀಪ ಉರಿಯುತ್ತಿತ್ತು. ಗಾಜು ನೆಟ್ಟಗಿತ್ತು. ಅದರ ದುಂಡು ಕಣ್ಣು ಮರೆಪ್ಪನನ್ನೇ ನೋಡುತ್ತಿತ್ತು. ಮರೆಪ್ಪನೂ ನೋಡಿದ. ಕಬ್ಬಿಣ, ಗಾಜು, ಒಂದಿಷ್ಟು ಕೆಸರು. ಅದರೊಳಗೆ ಯಾರೂ ಇರಲಿಲ್ಲ.

ಆಗ ಹೊಳೆಯಿತು. ಅಯ್ಯೋ ಶಿವನೇ, ತಾನು ಎಳೆದದ್ದು ಯಾರನ್ನು? ಆ ದನಿ ಎಂದಾದರೂ ಸಮುದ್ರದ ಕೆಳಗಿನಿಂದ ಬಂದಿತ್ತೇ? ಮೊದಲ ದಿನದಿಂದಲೂ ಅದು ಬಂದದ್ದು ಬೆನ್ನ ಹಿಂದಿನಿಂದ, ತಾಡಪಾಲಿನೊಳಗಿಂದ. ಹಗ್ಗದ ತುದಿಯಲ್ಲಿ ಇಲ್ಲದವನನ್ನು ಎಳೆಯುತ್ತ ಇಷ್ಟು ಹೊತ್ತು ಕಳೆದಿದ್ದ.

ಬದುಕಿನಲ್ಲಿ ಮೊದಲ ಸಲ ಮರೆಪ್ಪ ಹಿಡಿದ ಹಗ್ಗ ಬಿಟ್ಟ. ಪಂಜರ ಧಡಾರೆಂದು ನೀರಿಗೆ ಬಿತ್ತು. ಮರೆಪ್ಪ ತಾಡಪಾಲನ್ನು ಎರಡೂ ಕೈಯಿಂದ ಹರಿದುಹಾಕಿದ. ಒಳಗಿನಿಂದ ಜನರೇಟರಿನ ಹೊಗೆ ಮುಖಕ್ಕೆ ರಪ್ಪೆಂದು ಹೊಡೆಯಿತು. ನೀಲಕಂಠಪ್ಪ ಪರದೆಯ ಮುಂದೆ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ, ಹಣೆಯ ಶುಂಠಿ ಹಾಗೇ ಇತ್ತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಮರೆಪ್ಪ ಕಂಕುಳಲ್ಲಿ ಕೈಹಾಕಿ ದರದರ ಹೊರಗೆಳೆದ. ಸಾಹೇಬರನ್ನು ಬೈಯಬೇಡಿ, ಅಷ್ಟರಲ್ಲಿ ಅವರೂ ನಕ್ಷೆ ಬಿಸಾಕಿ ಓಡಿಬಂದು ಕಾಲು ಹಿಡಿದು ಎತ್ತಿದರು. ತಾಂಡೇಲ ಜನರೇಟರು ನಿಲ್ಲಿಸಿ ಲಾಂಚು ಹೊರಡಿಸಿದ. ಪಂಜರ ಕೆಳಗೆ ಕಲ್ಲುಗಳ ನಡುವೆ ಸಿಕ್ಕಿಕೊಂಡು, ಲಾಂಚಿಗೆ ತುದಿ ಕಟ್ಟಿದ್ದ ಹಗ್ಗ ಬಿಗಿದು ನಿಂತಿತು, ಲಾಂಚು ಕದಲದು. ತಾಂಡೇಲ ಸಾಹೇಬರ ಮುಖ ನೋಡಿದ. ಸಾಹೇಬರು, "ಕಾಪ್ ಕಾಪ್!" ಎಂದು, ಹಗ್ಗ ಕಡಿಯಲು ಹೇಳಿದರು. ಮಚ್ಚಿನಿಂದ ಒಂದೇ ಏಟು. ಹಗ್ಗ, ವೈರು, ವಿಲಾಯಿತಿ ಕ್ಯಾಮೆರಾ ಎಲ್ಲವೂ ಅಲ್ಲೇ ಉಳಿದವು. ಇವತ್ತಿಗೂ ಅಲ್ಲೇ ಇರಬೇಕು, ಅದರ ಮೇಲೆ ಈಗ ಯಾವ ಜೀವ ಮನೆಮಾಡಿಕೊಂಡಿದೆಯೋ!

ಮರೆಪ್ಪನಿಗೆ ಅದಾವುದರ ಖಬರೂ ಇರಲಿಲ್ಲ. ನೀಲಕಂಠಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟು ಹಿಡಿದು ಕೂತಿದ್ದ. ನಾಡಿ ಇದೆ ಅನಿಸುತ್ತಿತ್ತು, ಮರುಕ್ಷಣ ಅದು ತನ್ನದೇ ಹೆಬ್ಬೆರಳಿನ ಬಡಿತವೇನೋ ಅನಿಸುತ್ತಿತ್ತು. ದಡ ಹತ್ತಿರವೇ ಬರುತ್ತಿಲ್ಲ. "ಕೇಳ್ರೀ" ಎಂದ. "ನೀಲಕಂಠಪ್ನೋರ, ಕೇಳ್ರೀ ಒಮ್ಮೆ. ಹಿಡದೀಯೇನು ಅಂತ ಕೇಳ್ರೀ. ಹಿಡದೀನ್ರಿ ನಾನು. ಹಿಡದೀನಿ." ಕಣ್ಣೀರು ಅವನ ಹಣೆಯ ಶುಂಠಿಯ ಮೇಲೆ ಬಿದ್ದು ಕರಗಿಸುತ್ತಿತ್ತು. "ದಾನಣ್ಣಾ, ಕೇಳೋ" ಎಂದೂ ಒಮ್ಮೆ ಬಾಯಿಂದ ಬಂತು.

ನೀಲಕಂಠಪ್ಪ ಕೆಮ್ಮಿದ. ಹೊರಳಿ ಮರೆಪ್ಪನ ಮಡಿಲ ತುಂಬ ವಾಂತಿ ಮಾಡಿದ. ಆಮೇಲೆ, ಕಣ್ಣು ತೆರೆಯದೆಯೇ, ಇದ್ದೂ ಇಲ್ಲದ ದನಿಯಲ್ಲಿ, "ಕೈ ಬಿಡಪಾ ಮಾರಾಯಾ, ಮುರದೀತು" ಎಂದ.

"ಬಿಡಂಗಿಲ್ರಿ" ಎಂದ ಮರೆಪ್ಪ.

ಬಿಡಲಿಲ್ಲ. ವರ್ಸೋವಾದ ದಡದಲ್ಲಿ ಇಳಿಸುವಾಗಲೂ ಬಿಡಲಿಲ್ಲ. ಆಸ್ಪತ್ರೆಗೆ ಒಯ್ಯಲು ಬಂದ ಟ್ಯಾಕ್ಸಿಯವನು ವಾಂತಿಯಾದ ಬಟ್ಟೆ ನೋಡಿ ಇವನನ್ನು ಹತ್ತಿಸಲು ಒಪ್ಪಲಿಲ್ಲ. ವರ್ತಕ್ ಸಾಹೇಬರೇ ಅವನಿಗೆ ಎರಡು ಬೈದು, ಮುಂದೆ ಕೂತು, ಮರೆಪ್ಪನನ್ನು ಹಿಂದಿನ ಸೀಟಿನಲ್ಲಿ ನೀಲಕಂಠಪ್ಪನ ಪಕ್ಕಕ್ಕೆ ಕೂರಿಸಿದರು.