ಹುರುಳಿ ತಿಂದು ಗೆದ್ದ ಜಟ್ಟಿ

ಬುಕ್ಕಾಂಬುಧಿಯ ಸಣ್ಣಬೀರಪ್ಪ ಹೆಸರಿಗೆ ಮಾತ್ರ ಸಣ್ಣ. ಮಹಾರಾಜರ ಆಳ್ವಿಕೆಯ ಆ ಕಾಲದಲ್ಲಿ ನಮ್ಮ ಸೀಮೆಯ ಪೈಲ್ವಾನನಿಗೆ ಹೊಟ್ಟೆ ಇರಲೇಬೇಕಿತ್ತು. ಊಟಕ್ಕೆ ಕೂತರೆ ಮೂರು ಮುದ್ದೆ, ಮೇಲೆ ಧಾರಾಳ ತುಪ್ಪ. ಗರಡಿಯ ಯಜಮಾನ ತಮ್ಮಯ್ಯನಂತೂ ಹುಡುಗರ ಗಾತ್ರ ನೋಡಿಯೇ ಬಲ ಅಳೆಯುತ್ತಿದ್ದ. ಇದು ಶುದ್ಧ ಮೂರ್ಖತನ ಅಂತ ಈಗ ನಾನು ಹೇಳಬಹುದು. ಆಗ ಹೇಳಿದ್ದರೆ ನನ್ನ ಸೊಂಟ ಮುರಿಯುತ್ತಿದ್ದರು.

ಒಂದು ವರ್ಷ ಬೀರೂರಿನ ದಸರಾ ಕುಸ್ತಿಯಲ್ಲಿ ತರೀಕೆರೆಯ ಕರಿಯಪ್ಪ ನಮ್ಮ ಬೀರಪ್ಪನನ್ನು ಕೆಡವಿದ. ಬಲದಲ್ಲಿ ಕರಿಯಪ್ಪನೇನೂ ಹೆಚ್ಚಿರಲಿಲ್ಲ. ಸುತ್ತಿಸಿ ಸುತ್ತಿಸಿ ದಣಿಸಿದ. ಬೀರಪ್ಪ ಏದುಸಿರು ಬಿಡುತ್ತಾ ನಿಂತುಬಿಟ್ಟ, ಬೆನ್ನಿಗೆ ಮಣ್ಣು ಹತ್ತಿತು. ಜನ ನಕ್ಕರು. ತಮ್ಮಯ್ಯ ಮಾತ್ರ ನಗದೆ, ಮುಂದಿನ ದಸರೆಗೂ ಸೋತರೆ ಗರಡಿಯ ಹೊಸಿಲು ತುಳಿಯಬೇಡ ಎಂದುಬಿಟ್ಟ. ಮೀಸೆ ಮೂಡುವ ಮುಂಚಿನಿಂದ ಆ ಕೆಮ್ಮಣ್ಣಿಗೆ ಕೈಮುಗಿದೇ ದಿನ ಶುರು ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಬೀರಪ್ಪ ಹೊಟ್ಟೆಯ ಮೇಲೆ ಸಿಟ್ಟು ತೀರಿಸಿಕೊಂಡ. ಮುದ್ದೆ ಬಿಟ್ಟ, ಹಾಲು ಬಿಟ್ಟ, ದೇವರ ಹೆಸರಲ್ಲಿ ಒಪ್ಪೊತ್ತು ಹಿಡಿದ. ಆ ಒಪ್ಪೊತ್ತಿಗೂ ಬರೀ ನೀರುಮಜ್ಜಿಗೆ, ಸೊಪ್ಪು. ಹೊಟ್ಟೆ ಕರಗಿತು, ನಿಜ. ಅದರ ಜತೆಗೆ ತೋಳೂ ಕರಗಿತು. ಸಂಕ್ರಾಂತಿ ಹೊತ್ತಿಗೆ ಗರಡಿಯ ಕಲ್ಲುಗುಂಡು ಅವನ ಮೊಣಕಾಲು ದಾಟಿ ಮೇಲೇಳಲಿಲ್ಲ. ನಿನ್ನೆ ಮೊನ್ನೆ ಸೇರಿದವರೂ ಅವನನ್ನು ಎತ್ತಿ ಹಾಕಿದರು. ಅವತ್ತು ಮನೆಗೆ ಬಂದವನೇ ಕೊಟ್ಟಿಗೆಯಲ್ಲಿ ಕೂತು ಅತ್ತ.

ಹೆಂಡತಿ ತಿಮ್ಮಕ್ಕ ಎತ್ತುಗಳಿಗೆ ಬೇಯಿಸಿದ ಹುರುಳಿ ಇಡುತ್ತಿದ್ದಳು.

"ಅಲ್ಲ ಕಣಯ್ಯಾ, ಎತ್ತನ್ನ ಉಪವಾಸ ಕೆಡವಿ ಯಾರಾದ್ರೂ ನೇಗಿಲು ಕಟ್ತಾರಾ? ಇವಕ್ಕೆ ಹೊಟ್ಟೆ ಬಂದದಾ ನೋಡು. ದಿನಾ ಉಳ್ತವೆ, ದಿನಾ ಹುರುಳಿ ತಿಂತವೆ."

ಅಂದಿನಿಂದ ಬೀರಪ್ಪನ ಊಟದ ಯಜಮಾನಿಕೆ ತಿಮ್ಮಕ್ಕನದು. ಮೂರು ಮುದ್ದೆಯ ಜಾಗಕ್ಕೆ ಒಂದು, ಜತೆಗೆ ಬೋಗುಣಿ ತುಂಬ ಮೊಳಕೆ ಹುರುಳಿ. ಸಾಮು ಮುಗಿಸಿ ಬಂದ ಮೇಲೆ ಹಾಲು. ತುಪ್ಪ ಹಬ್ಬಕ್ಕೆ ಮಾತ್ರ. ದನದ ಮೇವು ತಿಂತಾನೆ ಎಂದು ಊರು ಆಡಿಕೊಂಡಿತು. ಊರಿಗೇನು, ಆಡಿಕೊಳ್ಳುವುದಕ್ಕೆ ಯಾರಾದರೊಬ್ಬರು ಬೇಕು. ಬೀರಪ್ಪ ಬೆಳಗ್ಗೆ ಕೆರೆ ಏರಿಯ ಮೇಲೆ ಓಡಿ, ಅದೇ ಬೆವರಿನಲ್ಲಿ ಗರಡಿಗೆ ಹೋಗಿ ಗುಂಡು ಎತ್ತುತ್ತಿದ್ದ. ಮೈ ಇಳಿಯುವುದು ನಿಧಾನವಾಯಿತು, ಆದರೆ ಈ ಸಲ ಕೊಬ್ಬಷ್ಟೇ ಹೋಯಿತು, ತೋಳು ಉಳಿಯಿತು. ಮಳೆಗಾಲ ಮುಗಿಯುವಾಗ ಕಲ್ಲುಗುಂಡು ಹೆಗಲು ದಾಟಿ ಬೆನ್ನ ಹಿಂದೆ ಬಿತ್ತು.

ದಸರೆ ಬಂತು. ಬೀರೂರಿನ ಅಖಾಡದಲ್ಲಿ ಬೀರಪ್ಪ ಅಂಗಿ ಬಿಚ್ಚಿದಾಗ ಹೊಟ್ಟೆಯಿಲ್ಲದ ಪೈಲ್ವಾನನನ್ನು ಕಂಡು ತರೀಕೆರೆಯವರು ಕೇಕೆ ಹಾಕಿದರು. ಕರಿಯಪ್ಪ ಹೋದ ವರ್ಷದಂತೆಯೇ ಸುತ್ತಿಸತೊಡಗಿದ. ಬೀರಪ್ಪ ಸುತ್ತಿದ. ಇನ್ನೂ ಸುತ್ತಿದ. ಕೊನೆಗೆ ಬಾಯಿ ತೆರೆದು ಉಸಿರೆಳೆದವನು ಕರಿಯಪ್ಪ. ಅದೇ ಗಳಿಗೆಗೆ ಬೀರಪ್ಪ ಅವನ ಸೊಂಟಕ್ಕೆ ಕೈಹಾಕಿ, ನೆಲ ಬಿಡಿಸಿ ಎತ್ತಿ, ಎಲ್ಲರೂ ನೋಡಲಿ ಎಂಬಂತೆ ತುಸು ಹೊತ್ತು ಹಿಡಿದು, ಅಂಗಾತ ಮಲಗಿಸಿದ. ನಮ್ಮೂರಿನವರೆಲ್ಲ ಪೇಟ ಮೇಲಕ್ಕೆ ತೂರಿದರು; ನಾನು ತೂರಿದ ಪೇಟ ಮತ್ತೆ ಸಿಗಲೇ ಇಲ್ಲ, ಅದಕ್ಕೆ ಬೇಜಾರೂ ಇಲ್ಲ. ತಮ್ಮಯ್ಯ ಅಖಾಡಕ್ಕೇ ಇಳಿದು ಬಂದು ಬೀರಪ್ಪನ ಹಣೆಗೆ ಮಣ್ಣು ಹಚ್ಚಿ, ನಾಳೆ ಹೊತ್ತು ಮೂಡುವ ಮುಂಚೆ ಗರಡಿಗೆ ಬಾ ಎಂದ.

ಆದರೆ ಮರುದಿನ ಹೊತ್ತು ಮೂಡುವ ಮುಂಚೆ ತಮ್ಮಯ್ಯನೇ ಬೀರಪ್ಪನ ಮನೆ ಬಾಗಿಲಿಗೆ ಬಂದ. ಬೀರಪ್ಪ ಗಡಬಡಿಸಿ ಎದ್ದು ನಿಂತ. ಹೆಂಗಸರ ನೆರಳೂ ಗರಡಿಗೆ ಬೀಳಬಾರದು ಎನ್ನುತ್ತಿದ್ದ ಆ ಮುದುಕ, ಅವನನ್ನು ದಾಟಿ ಒಳಗೆ ಹೋಗಿ ತಿಮ್ಮಕ್ಕನ ಮುಂದೆ ನಿಂತ.

"ಅವ್ವಾ, ನಮ್ ಗರಡಿ ಹುಡುಗ್ರಿಗೆ ಇನ್ಮೇಲೆ ಏನಿಕ್ಬೇಕು ನೀನೇ ಹೇಳು. ನೀನ್ ಹೇಳ್ದಂಗೇ ಆಗ್ಲಿ."

ತಿಮ್ಮಕ್ಕ ಸೆರಗಿಗೆ ಕೈ ಒರೆಸಿಕೊಂಡು, ಅವನ ಡೊಳ್ಳುಹೊಟ್ಟೆಯನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಮೊದ್ಲು ನೀವು ಕೂತ್ಕಳಿ ಮಾವ, ನಿಮ್ಮಿಂದ್ಲೇ ಸುರು ಮಾಡಾನ" ಅಂದಳು.