ಮೊಲದ ಬಾಣಂತನ

ನಮ್ಮತ್ತೆ ದುರಗವ್ವ ತಪ್ಪು ಮಾಡಿದ್ದು ಎಷ್ಟೋ ಸಲ ಇರಬಹುದು. ಒಪ್ಪಿಕೊಂಡದ್ದು ಮಾತ್ರ ಒಂದೇ ಸಲ, ಅದೂ ಒಂದು ಮೊಲದ ಎದುರಿಗೆ.

ನಮ್ಮೂರು ದುಂಡಸಿಯಲ್ಲಿ ಆಗ ಹುಟ್ಟಿದ ಕೂಸುಗಳೆಲ್ಲ ಮೊದಲು ಕಂಡದ್ದು ಅವಳ ಮುಖವನ್ನೇ. ಸುತ್ತಲಿನ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬಂದು ಅವಳನ್ನು ಕರೆದೊಯ್ಯುತ್ತಿದ್ದರು. ಹೆರಿಗೆ ಮಾಡಿಸಿದ ಮಾತ್ರಕ್ಕೆ ಅವಳ ಕೆಲಸ ಮುಗಿಯುತ್ತಿರಲಿಲ್ಲ. ಬಾಣಂತಿಯ ಕೋಣೆಗೆ ಗಾಳಿ ಬೆಳಕು ಬಾರದಂತೆ ಕಂಬಳಿ ಇಳಿಬಿಡುವುದು, ಹೊರಸಿನ ಕೆಳಗೆ ಕೆಂಡ ಇಡುವುದು, ಹೊರಗಿನವರ ನೆರಳು ಬೀಳದಂತೆ ಕಾಯುವುದು, ಎಲ್ಲಕ್ಕೂ ಅವಳದೇ ಕಾಯಿದೆ. ಅದರಲ್ಲಿ ಮುಖ್ಯವಾದದ್ದು ನೀರಿನ ಕಾಯಿದೆ. ಬಾಣಂತಿ ನೀರು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ಮೈಗೆ ನಂಜು ಏರುತ್ತದೆ, ಕೂಸಿಗೆ ಥಂಡಿ ಆಗುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಗಿಂಡಿ, ಅದೂ ಕಾಸಿ ಆರಿಸಿದ್ದು. ಊರಿನ ಅತ್ತೆಯರೆಲ್ಲ ಇದನ್ನು ದೇವರ ಮಾತಿನ ಹಾಗೆ ಪಾಲಿಸುತ್ತಿದ್ದರು.

ನನ್ನ ತವರಿನಲ್ಲಿ ಅವ್ವ ಇರಲಿಲ್ಲ. ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆಯ ಕೈಯಲ್ಲೇ ಆಯಿತು. ಐವತ್ತೆಂಟನೇ ಇಸವಿಯ ಬೇಸಿಗೆ. ಹೊರಗೆ ಬಿಸಿಲು, ಒಳಗೆ ಕೆಂಡ, ನಡುವೆ ನಾನು. ದಿನಾ ನೀರು ಎರೆಯುವಾಗ ಅತ್ತೆ ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ತಲೆಯಿಂದ ಇಳಿದ ನೀರು ಮುಖದ ಮೇಲೆ ಬಂದಾಗ ನಾನು ಮೆಲ್ಲಗೆ ಬಾಯಿ ತೆರೆಯುತ್ತಿದ್ದೆ. ಸೀಗೆಕಾಯಿಯ ಕಹಿ ಕೂಡಿದ ಆ ಬಿಸಿನೀರನ್ನು ಗುಟುಕು ಗುಟುಕಾಗಿ ಕದ್ದು ಕುಡಿದೇ ಬಾಣಂತನ ಮುಗಿಸಿದೆ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು, ಊರವರ ಕಾಗದ ಓದಿ ಹೇಳುವವಳು. ಜಳಕದ ನೀರು ಕುಡಿದೆ ಎಂದು ಯಾರ ಮುಂದೆ ಹೇಳಲಿ? ಗಂಡ ಗೋಣೆಪ್ಪನಿಗೂ ಹೇಳಲಿಲ್ಲ. ಸಿಟ್ಟು ಮಾತ್ರ ಹೊಟ್ಟೆಯಲ್ಲಿ ಕೂತಿತು.

ಎರಡು ವರ್ಷದ ಮೇಲೆ ಸವಣೂರಿನ ಜನ್ನತಬಿ ನಮ್ಮ ಮನೆಗೆ ಬಂದಳು. ಅವಳ ಮಗಳನ್ನು ನಮ್ಮೂರಿಗೇ ಕೊಟ್ಟಿತ್ತು. ಆ ಮಗಳ ಹೆರಿಗೆ ಮಾಡಿಸಿದ್ದೂ ನಮ್ಮತ್ತೆಯೇ. ಮೊಮ್ಮಗನನ್ನು ನೋಡಿ ಹೋಗಲು ಬಂದವಳು ಕಟ್ಟೆಯ ಮೇಲೆ ಕೂತು ತನ್ನ ಮೊಲಗಳ ಕಥೆ ತೆಗೆದಳು. ಸವಣೂರಿನ ಮನೆಯಲ್ಲಿ ಅವಳು ಒಂದು ಜೋಡಿ ಬಿಳಿ ಮೊಲ ಸಾಕಿದ್ದಳು. ಹೆಣ್ಣು ಎರಡು ಸಲ ಈದು ಎರಡು ಸಲವೂ ತನ್ನ ಮರಿಗಳನ್ನು ತಾನೇ ತಿಂದಿತ್ತು. ಈಗ ಗಂಡನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಕೈ ಹಾಕಿದವರನ್ನೆಲ್ಲ ಕಚ್ಚುತ್ತಿತ್ತು. ಅಳಿಯನಂತೂ ಸವಣೂರಿಗೆ ಹೋದಾಗಲೆಲ್ಲ ಅದನ್ನು ಸಾರಿಗೆ ಹಾಕಲು ಕತ್ತಿ ಮಸೆಯುತ್ತಿದ್ದನಂತೆ.

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿದಳು. "ಮುನ್ನೂರು ಕೂಸು ಹಿಡಿದ ಕೈ ಇದು. ಒಂದು ಮೊಲಕ್ಕ ಸೋಲತೈತೇನು? ಕಳಸು ಇಲ್ಲಿಗೆ," ಎಂದಳು.

"ಮರಿ ಉಳಿಸಿದಿ ಅಂದ್ರ ಜೋಡಿ ನಿಂದ, ದುರಗಕ್ಕ," ಎಂದಳು ಜನ್ನತಬಿ. "ಇಲ್ಲಂದ್ರ ಹೆಣ್ಣನ್ನ ತಿರುಗಿ ಕೊಡಬೇಕು. ಆಮ್ಯಾಲೆ ನಾ ಅಳಿಯನ ಕೈ ತಡಿಯಾಂಗಿಲ್ಲ."

ಮುಂದಿನ ವಾರ ಎರಡು ಬುಟ್ಟಿಗಳು ಶಿಗ್ಗಾಂವಿಯ ಬಸ್ಸಿಳಿದು ನಮ್ಮ ಮನೆಗೆ ಬಂದವು. ಅತ್ತೆ ಹೆಣ್ಣು ಮೊಲಕ್ಕೆ 'ಸಣ್ಣ ಸೊಸಿ' ಎಂದು ಹೆಸರಿಟ್ಟಳು. ದೊಡ್ಡ ಸೊಸೆ ನಾನು ಇದ್ದೇ ಇದ್ದೆನಲ್ಲ. ಸಣ್ಣ ಸೊಸೆ ಬಂದ ದಿನವೇ ನನ್ನ ಹೆಬ್ಬೆರಳು ಕಚ್ಚಿದಳು. ಅತ್ತೆ ಅರಿಶಿನ ಒತ್ತುತ್ತ, ಬಂದ ಹೊಸದರಲ್ಲಿ ನೀನೇನು ಕಡಿಮೆ ಇದ್ದೆಯಾ ಎಂದು ನಕ್ಕಳು.

ಕಚ್ಚುವ ಚಾಳಿಯನ್ನು ಅತ್ತೆ ಎಂಟೇ ದಿನದಲ್ಲಿ ಬಿಡಿಸಿದಳು ಎಂಬುದನ್ನು ಒಪ್ಪಲೇಬೇಕು. ನನ್ನ ಗಂಡ ಮೊಲವನ್ನು ಕಿವಿ ಹಿಡಿದು ಎತ್ತುವುದನ್ನು ನೋಡಿ, ಹೋಗಿ ಅವನ ಕಿವಿಯನ್ನೇ ಹಿಡಿದು ಮೇಲಕ್ಕೆ ಎಳೆದಳು. ಅವನು ಕೂಗಿಕೊಂಡ. ಅದಕ್ಕೂ ಹೀಗೇ ಆಗುತ್ತದೆ ಎಂದು ಹೇಳಿ, ಹಸುಗೂಸನ್ನು ಎತ್ತುವ ಹಾಗೆ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ತಾನೇ ಎತ್ತಿ ತೋರಿಸಿದಳು. ಮೇಲಿನಿಂದ ಗಬಕ್ಕನೆ ಕೈ ಹಾಕಬಾರದು, ಮೊದಲು ಮೂಸಲು ಬಿಡಬೇಕು. ಸಣ್ಣ ಸೊಸೆ ಕಚ್ಚುವುದನ್ನು ಬಿಟ್ಟು ಅವಳ ಮಡಿಲಿನಲ್ಲಿ ಕಣ್ಣು ಮುಚ್ಚತೊಡಗಿದಳು.

ಗಂಡನ್ನು ಸೇರಿಸದ ತಕರಾರಿಗೂ ಅತ್ತೆಯ ಬಳಿ ಉತ್ತರ ಇತ್ತು. ಜನ್ನತಬಿ ಗಂಡನ್ನು ಒಯ್ದು ಹೆಣ್ಣಿನ ಗೂಡಿಗೆ ಬಿಡುತ್ತಿದ್ದಳಂತೆ. ಮನೆ ಅಳಿಯನಿಗೆ ಎಲ್ಲಿ ಮರ್ಯಾದೆ ಇದೆ ಎಂದಳು ಅತ್ತೆ. ಹೆಣ್ಣನ್ನೇ ಒಯ್ದು ಗಂಡಿನ ಗೂಡಿಗೆ ಬಿಟ್ಟಳು. ತನ್ನ ಮನೆ ಎಂಬ ಜೋರು ಇಲ್ಲದ ಕಡೆ ಸಣ್ಣ ಸೊಸೆ ತೆಪ್ಪಗಿದ್ದಳು. ಕೆಲಸ ಆಯಿತು. ನಾಲ್ಕು ವಾರ ದಾಟಿದ ಮೇಲೆ ಅವಳು ಎದೆಯ ಕೂದಲು ಕಿತ್ತು ಹಾಸಿಗೆ ಮಾಡಲು ಹತ್ತಿದಾಗ ಅತ್ತೆಯ ಮುಖ ನೋಡಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಇಲ್ಲಿ ಹೆರಿಗೆ ಮಾಡಿಸುವವಳಿಗೇ ಅಷ್ಟು ಮುದ್ದು.

ಒಂದು ಮುಂಜಾನೆ ನೋಡಿದರೆ ಎಂಟು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ, ಬೆರಳಿನಷ್ಟೂ ಉದ್ದ ಇಲ್ಲ. ಅತ್ತೆ ತನ್ನ ಕಾಯಿದೆಯನ್ನೆಲ್ಲ ಗೂಡಿಗೆ ತಂದಳು. ಜೋಳದ ಚೀಲಗಳ ಕೋಣೆಯಲ್ಲಿ ಗೂಡು, ಅದಕ್ಕೆ ಕಂಬಳಿ. ನೋಡಲು ಬಂದ ನೆರೆಹೊರೆಯವರನ್ನು ಬಾಗಿಲಿನಿಂದಲೇ ತಿರುಗಿಸಿದಳು. ಸವಣೂರಿನಲ್ಲಿ ಓಣಿಗೆ ಓಣಿಯೇ ಬಂದು ಮರಿಗಳನ್ನು ಎತ್ತಿ ನೋಡಿದ್ದರಂತೆ, ತಾಯಿ ಹೆದರಿದ್ದೇ ಅದಕ್ಕೆ ಎಂಬುದು ಅತ್ತೆಯ ಲೆಕ್ಕ. ಆ ಮಾತು ಸರಿಯೇ ಇತ್ತು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಬಾಣಂತಿಗೆ ಹಸಿಯದು ಆಗದು ಎಂದು ದಿನಾ ಹಾಕುತ್ತಿದ್ದ ಗರಿಕೆ, ಮೂಲಂಗಿ ಎಲೆ ನಿಲ್ಲಿಸಿದಳು. ಒಣ ಹೊಟ್ಟು, ಹುರಿದ ಕಡಲೆ ಇಟ್ಟಳು. ಹಸಿ ಎಲೆ ಹಾಕಿದರೆ ಸಾಕು, ಮೊಲ ನೀರು ಕುಡಿಯುವುದಿಲ್ಲ ಎಂದು ಜನ್ನತಬಿ ಮೊದಲೇ ಹೇಳಿ ಕಳಿಸಿದ್ದಳು. ಕುಡಿಯುವುದಾದರೂ ಬಾಣಂತಿಗೆ ಯಾರು ಕೊಡುತ್ತಾರೆ?

ಮಧ್ಯಾಹ್ನ ಅತ್ತೆ ಕಂಬಳಿ ಸರಿಸಿ ನೋಡಿ ಅಲ್ಲೇ ಕುಸಿದು ಕೂತಳು. ಮರಿ ಏಳೇ ಇದ್ದವು. ಎಂಟನೆಯದರ ಅರ್ಧ ಮೈ ಮೂಲೆಯಲ್ಲಿ ಬಿದ್ದಿತ್ತು.

ನಾನು ಬಾವಿಯಿಂದ ಕೊಡ ತಂದವಳು ಅತ್ತೆ ಕರೆದಳೆಂದು ಹಾಗೆಯೇ ಒಳಗೆ ಓಡಿದೆ. ಸೀರೆಯ ಸೆರಗು ತೊಯ್ದಿತ್ತು, ಕೈಯಿಂದ ನೀರು ಸೋರುತ್ತಿತ್ತು. ಬಗ್ಗಿ ನೋಡುವಷ್ಟರಲ್ಲಿ ಸಣ್ಣ ಸೊಸೆ ಮರಿಗಳನ್ನು ಬಿಟ್ಟು ನನ್ನ ಕಡೆ ಬಂದಳು. ಹೆಬ್ಬೆರಳು ಇನ್ನೊಮ್ಮೆ ಹೋಯಿತು ಅಂದುಕೊಂಡೆ. ಅವಳು ಕಚ್ಚಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ನೆಕ್ಕಿದಳು. ಬೆರಳು ಒಣಗಿದ ಮೇಲೆ ಸೆರಗನ್ನು ಬಾಯಿಗೆ ಹಾಕಿಕೊಂಡು ಹೀರತೊಡಗಿದಳು.

ನನಗೆ ಕಣ್ಣು ತುಂಬಿ ಬಂದವು. ಆ ಬಾಯಿಯ ಗುರುತು ನನಗೆ ಚೆನ್ನಾಗಿ ಇತ್ತು.

"ಅತ್ತಿ, ಅದಕ್ಕ ನೀರಡಿಕೆ ಆಗೈತ್ರಿ," ಎಂದೆ.

"ಬಾಣಂತಿಗೆ ನೀರು ಬ್ಯಾಡ."

"ನೀರಿಲ್ಲದ್ದಕ್ಕ ಮರಿ ತಿನ್ನಾಕತ್ತೈತ್ರಿ ಅದು. ಸಂಜೀತನಕ ಉಳದವನ್ನೂ ತಿಂತೈತಿ."

ಮದುವೆಯಾಗಿ ಬಂದ ಮೇಲೆ ಅವಳ ಕಾಯಿದೆಗೆ ನಾನು ಎದುರು ಮಾತಾಡಿದ್ದು ಅದೇ ಮೊದಲು. ಉತ್ತರಕ್ಕೆ ಕಾಯಲಿಲ್ಲ. ಮಣ್ಣಿನ ಪರಟಿಯಲ್ಲಿ ನೀರು ತುಂಬಿ ಗೂಡಿನೊಳಗೆ ಇಟ್ಟೆ. ಸಣ್ಣ ಸೊಸೆ ತಲೆ ಎತ್ತದೆ ಕುಡಿದಳು. ಪರಟಿ ಖಾಲಿಯಾಯಿತು. ಎರಡನೆಯದನ್ನೂ ಮುಗಿಸಿದಳು, ಮೂರನೆಯದರಲ್ಲಿ ಅರ್ಧ ಬಿಟ್ಟಳು. ಮೀಸೆ ಒರೆಸಿಕೊಂಡು ಹೋಗಿ, ಏಳು ಮರಿಗಳ ಮೇಲೆ ಕಾಲು ಚಾಚಿ ನಿಂತು ಹಾಲು ಕುಡಿಸಿದಳು.

ಮರಿಗಳ ಹೊಟ್ಟೆ ತುಂಬುವ ತನಕ ಅತ್ತೆ ನೋಡುತ್ತ ಕೂತಳು. ಆಮೇಲೆ ಮೊಲದ ಕಡೆ ತಿರುಗಿ, "ತಪ್ಪಾತು ತಾಯಿ," ಎಂದಳು. ನನ್ನನ್ನು ಕೇಳಿದಳು: "ನಿನಗ ಹ್ಯಾಂಗ ತಿಳೀತು?"

"ಪುಸ್ತಕದಾಗ ಓದಿದ್ದೆರಿ," ಎಂದು ಸುಳ್ಳು ಹೇಳಿದೆ. ಅಚ್ಚಾದ ಅಕ್ಷರದ ಮೇಲೆ ಅವಳಿಗೆ ಬಹಳ ನಂಬಿಕೆ.

ಏಳು ಮರಿಗಳೂ ಉಳಿದವು. ಹತ್ತು ದಿನಕ್ಕೆ ಕಣ್ಣು ತೆರೆದವು, ತಿಂಗಳಿಗೆ ಮನೆ ತುಂಬ ಕುಣಿದವು. ಜನ್ನತಬಿ ಬಂದು ನೋಡಿ, ಮಾತಿನಂತೆ ಜೋಡಿಯನ್ನು ಅತ್ತೆಗೇ ಬಿಟ್ಟು, ಎರಡು ಮರಿ ಕೇಳಿ ಒಯ್ದಳು. ನೀರಿನ ಪರಟಿ ಮರೆಯಬೇಡ ಎಂದು ಅತ್ತೆ ಬಸ್ಸಿನ ಕಿಟಕಿಯ ತನಕ ಹೋಗಿ ಹೇಳಿ ಬಂದಳು.

ಅಂದಿನಿಂದ ಅವಳು ಬಾಣಂತಿಯರ ಕಾಯಿದೆಯನ್ನೂ ತಿದ್ದಿದಳು. ಬೇಕಾದಷ್ಟು ನೀರು ಕೊಡಿ ಎಂದು ಮನೆಮನೆಗೆ ಹೋಗಿ ಹೇಳತೊಡಗಿದಳು. ಊರಿನ ಅತ್ತೆಯರು ಕೇಳಬೇಕಲ್ಲ. ನೀನೇ ಕಲಿಸಿದ್ದು, ಈಗ ನೀನೇ ಬೇಡ ಅಂತೀಯ, ವಯಸ್ಸಾಯಿತು ನಿನಗೆ ಎಂದರು. ತಾನು ಕಟ್ಟಿದ ಗೋಡೆಯನ್ನು ತಾನೇ ಕೆಡವಲು ಅವಳು ಪಟ್ಟ ಪಾಡು ಕಟ್ಟಿದಾಗ ಪಟ್ಟದ್ದಕ್ಕಿಂತ ಹೆಚ್ಚು. ಕೊನೆಗೆ ಒಬ್ಬೊಬ್ಬರನ್ನೇ ಕೈ ಹಿಡಿದು ಕರೆತಂದು ಗೂಡಿನ ಮುಂದೆ ಕೂರಿಸಿ, ಸಣ್ಣ ಸೊಸೆ ನೀರು ಕುಡಿಯುವುದನ್ನು ತೋರಿಸುತ್ತಿದ್ದಳು. ಕೆಲವರು ಬುದ್ಧಿ ಕಲಿತು ಹೋದರು, ಕೆಲವರು ಮರಿ ಕೇಳಿಕೊಂಡು ಹೋದರು.

ಮರುವರ್ಷದ ಬೇಸಿಗೆಗೆ ನನ್ನ ಎರಡನೇ ಹೆರಿಗೆ ಆಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನನ್ನ ತಲೆದಿಂಬಿನ ಹತ್ತಿರ ತುಂಬಿದ ಚರಿಗೆ, ಅರ್ಧ ಆದರೆ ಅತ್ತೆಯೇ ತುಂಬುತ್ತಿದ್ದಳು. ಐದನೇ ದಿನ ಬಚ್ಚಲಲ್ಲಿ ಕೂರಿಸಿ ನೀರು ಎರೆಯತೊಡಗಿದಳು. ನನಗೆ ನೀರಡಿಕೆ ಒಂದಿಷ್ಟೂ ಇರಲಿಲ್ಲ. ಆದರೂ ಮುಖದ ಮೇಲೆ ಬಿಸಿನೀರು ಇಳಿದದ್ದೇ ತಡ, ಬಾಯಿ ತಾನಾಗಿ ತೆರೆಯಿತು. ಗುಟುಕು ನುಂಗಿದೆ. ಈ ಸಲ ಅತ್ತೆ ಬೆನ್ನ ಹಿಂದೆ ಇರಲಿಲ್ಲ, ಎದುರಿಗೆ ಇದ್ದಳು.

ಅವಳ ಕೈಯ ಚೊಂಬು ಅಲ್ಲೇ ನಿಂತಿತು.

"ಪುಸ್ತಕದಾಗ ಓದಿದ್ದಲ್ಲ ಅದು," ಎಂದಳು.

ನಾನು ಅಲ್ಲ ಎಂದು ತಲೆ ಅಲ್ಲಾಡಿಸಿದೆ. ಅತ್ತೆ ಒಳಗೆ ಹೋದಳು. ಹಳೆಯ ಆ ಗಿಂಡಿಯ ತುಂಬ ಕುಡಿಯುವ ನೀರು ತಂದು, ತಾನೇ ನನ್ನ ಬಾಯಿಗೆ ಹಿಡಿದಳು. ಬೇಡವಾಗಿತ್ತು, ಆದರೂ ಕುಡಿದೆ.

"ನಾನೂ ಹಿಂಗ ಕುಡದಾಕಿ, ಮಾದೇವಿ," ಎಂದಳು. "ಆರೂ ಬಾಣಂತನದಾಗ. ಮರತಬಿಟ್ಟಿದ್ದೆ."

ನಾನು ಅವಳ ಸೊಂಟವನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳೂ ಅತ್ತಳು. ಒದ್ದೆ ತಲೆ, ಒದ್ದೆ ಸೀರೆ, ಸೀಗೆಕಾಯಿ ಕಣ್ಣಿಗೆ ಬಿದ್ದು ಇಬ್ಬರಿಗೂ ಉರಿ. ಆ ಅವಸ್ಥೆ ನೋಡಿ ಮೊದಲು ನಕ್ಕವರು ಯಾರೋ ನೆನಪಿಲ್ಲ. ಒಳಗೆ ಕೂಸು ಎದ್ದು ಅಳುವ ತನಕ ಅಲ್ಲೇ ನಗುತ್ತ ಕೂತಿದ್ದೆವು.