ಘಾಟಿಲ್ಲದ ಹೊಗೆ

ಒಲೆಯ ಬೂದಿ ತೆಗೆಯುವುದು, ಎಮ್ಮೆ ಹಿಂಡುವುದು, ಹಂಡೆಗೆ ನೀರು ತುಂಬಿ ಉರಿ ಹಚ್ಚುವುದು, ಇಪ್ಪತ್ತು ರೊಟ್ಟಿ ಬಡಿಯುವುದು, ಮಾಳಿಗೆ ಹತ್ತಿ ಮೆಣಸಿನಕಾಯಿಯ ತಾಡಪಾಲು ಸರಿಸುವುದು, ಇಬ್ಬನಿ ತಾಗಿದ ಕಾಯಿಗಳನ್ನು ಬೇರೆ ಹರವುವುದು. ಶಲವಡಿಯ ಅಮೃತಾ ಇಷ್ಟನ್ನೂ ಬೆಳಕು ಹರಿಯುವುದರೊಳಗೆ ಮುಗಿಸುತ್ತಾಳೆ. ನಡುನಡುವೆ ಕಣ್ಣು ತಿಕ್ಕಿಕೊಳ್ಳುತ್ತಾಳೆ. ಸೆರಗಿನಿಂದ, ಮುಂಗೈಯಿಂದ, ಬೆರಳ ಗಿಣ್ಣಿನಿಂದ.

ಈ ಮಾಗಿಯಲ್ಲಿ ಒಲೆಯ ಉರಿಯ ಪಕ್ಕ ಇನ್ನೊಂದು ತೆಳ್ಳನೆಯ ಉರಿ ಕಾಣತೊಡಗಿತು. ಒಂದು ಮುಂಜಾನೆ ಅತ್ತೆ ರೇವವ್ವ ಬಾಗಿಲಿಗೆ ಬಂದಾಗ ಅವಳ ಭುಜದ ಮೇಲೆ ಮತ್ತೊಂದು ಮುಖವಿತ್ತು. ಅಮೃತಾ ತನ್ನ ಕನ್ನಡಕ ಒರೆಸಿ ಹಾಕಿಕೊಂಡರೂ ಅದು ಹೋಗಲಿಲ್ಲ. ರೇವವ್ವ ಮಾತಾಡಿದಾಗ ಅದೂ ಬಾಯಿ ಆಡಿಸಿತು.

"ಅತ್ತಿ, ನಿಮ್ಮ ಹಿಂದ ಯಾರ್ರಿ?"

ರೇವವ್ವ ಗಕ್ಕನೆ ತಿರುಗಿದಳು. "ಯಾರೂ ಇಲ್ಲ ಬೇ! ಕಣ್ಣಿನ ಆಪರೇಶನ್ ಅಂತ ಊರೆಲ್ಲಾ ಸಾರಿದಿ. ದೃಷ್ಟಿ ಆಗೇತಿ."

ಸೊಸೆಯ ಮುಖಕ್ಕೆ ಉಪ್ಪು, ಮೆಣಸಿನಕಾಯಿ ಇಳಿತೆಗೆದು ಒಲೆಗೆ ಹಾಕಿದಳು. ಹೊಗೆ ಜಂತಿ ಮುಟ್ಟಿತು. ರೇವವ್ವ ಕೆಮ್ಮಲಿಲ್ಲ. "ನೋಡು, ಘಾಟ ಇಲ್ಲ. ಅಗದಿ ಕೆಟ್ಟ ದೃಷ್ಟಿ!" ಘಾಟು ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದೇ ನಂಬಿಕೆ. ಆದರೆ ಅಮೃತಾಳ ಕಣ್ಣುಗಳು ಉಬ್ಬಿ ಮುಚ್ಚಿಕೊಂಡವು. ರೇವವ್ವ ಒಂಬತ್ತು ದಿನ ಬಿಡದೆ ಇಳಿತೆಗೆದಳು. ಒಂಬತ್ತನೆಯ ದಿನ ಆ ಮುಖ ಭುಜ ಬಿಟ್ಟು ದೂರ ಸರಿದು, ಬೇರೊಬ್ಬ ಹೆಂಗಸಿನಂತೆ ನಿಂತಿತ್ತು.

ಕನ್ನಡಕ ಬೇಡವೆಂದು ಲೇಸರ್ ಆಪರೇಶನ್ ಕೇಳಿದವಳು ಅಮೃತಾಳೇ. ಗಾಜಿಗೆ ರೊಟ್ಟಿಯ ಉಗಿ ಕವಿದು, ಕಾದ ಹಂಚು ಕಾಣದೆ ಎರಡು ಸಲ ಕೈ ಸುಟ್ಟುಕೊಂಡಿದ್ದಳು. ಗಂಡ ಕಾಶಿನಾಥನನ್ನು ಒಪ್ಪಿಸಲು ನಾಲ್ಕು ವರ್ಷ ಹಿಡಿದಿತ್ತು.

ಹುಬ್ಬಳ್ಳಿಯ ಬಸ್ಸಿನಲ್ಲಿ ಅವನು ತಾಕೀತು ಮಾಡಿದ. "ಕಣ್ಣು ತುರಸ್ತಾವು ಅಂತ ಹೇಳಬ್ಯಾಡ. ಮುಂದ ಹಾಕ್ತಾರ. ನಾ ಮತ್ತ ರಜಾ ಹಾಕಾಂವಲ್ಲ."

"ನಿಮಗ ರಜಾನರ ಐತಿ. ನನಗ ರೊಟ್ಟಿ ಬಡಿಯೋದಕ್ಕ ರಜಾ ಯಾರು ಕೊಡ್ತಾರ್ರಿ?"



ಆಸ್ಪತ್ರೆಯಲ್ಲಿ ಡಾಕ್ಟರ್ ಮುಮತಾಜ್ ಯಂತ್ರ ತೆಗೆದ ಅವಳ ಕಣ್ಣಿನ ಬಣ್ಣಬಣ್ಣದ ನಕ್ಷೆಯನ್ನು ಪರದೆಯ ಮೇಲೆ ತೋರಿಸಿದರು. ಹಸಿರಿನ ಕೆಳಭಾಗದಲ್ಲಿ ಕೆಂಪು ಚುಕ್ಕೆ ಇತ್ತು.

"ಈ ಕೆಂಪು ಗಡಿ ಮ್ಯಾಲ ಐತ್ರಿ, ರೋಗ ಐತಿ ಅನ್ನಾಕೂ ಬರಂಗಿಲ್ಲ, ಇಲ್ಲ ಅನ್ನಾಕೂ ಬರಂಗಿಲ್ಲ. ಯಂತ್ರ ಪೂರಾ ಹೇಳವಲ್ದು, ನೀವ ಹೇಳಬೇಕು. ಅಲರ್ಜಿ ಇದ್ದು ಭಾಳ ವರ್ಷ ತಿಕ್ಕಿದ್ರ ಕಣ್ಣಿನ ಮುಂದಿನ ಪದರ ತೆಳ್ಳಗಾಗಿ ಸೊಟ್ಟ ಆಗಬಹುದು. ಅದರ ಮ್ಯಾಲ ಲೇಸರ್ ಮಾಡಿದ್ರ ಇನ್ನೂ ತೆಳ್ಳಗಾಗತೈತಿ. ಆಮ್ಯಾಲೆ ಕಾಣಸೋದು ಒಂದಕ್ಕ ಎರಡಾಗಿ, ಚಷ್ಮಾ ಹಾಕಿದ್ರೂ ಸರಿ ಆಗದಿರಬಹುದು."

ಅಮೃತಾ ಪರದೆ ಬಿಟ್ಟು ಈಚೆ ನೋಡಿದಳು. ಡಾಕ್ಟರರ ಪಕ್ಕದಲ್ಲೂ ಇನ್ನೊಬ್ಬ ಡಾಕ್ಟರು ಕುಳಿತಿದ್ದರು, ಅದೇ ಬಿಳಿ ಕೋಟಿನಲ್ಲಿ, ಅವಳನ್ನೇ ನೋಡುತ್ತ.

"ಖರೇ ಇದ್ದದ್ದು ಬರೀರಿ," ಎಂದು, ಪ್ರಶ್ನೆಗಳಿದ್ದ, ಕೊನೆಗೆ ಲೇಸರ್‌ಗೆ ಒಪ್ಪಿಗೆಯ ಸಹಿ ಕೇಳುವ ಅರ್ಜಿ ಕೊಟ್ಟು ಡಾಕ್ಟರು ಎದ್ದು ಹೋದರು. ಇಬ್ಬರೂ ಎದ್ದು ಹೋದರು.

ಕೋಣೆಯಲ್ಲಿ ಅವಳೊಬ್ಬಳೇ. ಪರದೆಯ ಮೇಲೆ ಅವಳ ಕಣ್ಣು ಹಾಗೇ ತೆರೆದಿತ್ತು, ರೆಪ್ಪೆ ಬಡಿಯದೆ.

"ಮುಗೀತೇನ ಲೇ? ಇಲ್ಲ ಅಂತ ಬರೀ, ಬಾ," ಹೊರಗಿನಿಂದ ಕಾಶಿನಾಥ ಕೂಗಿದ.

ತುರಿಕೆ ಇದೆಯೇ? ಹೌದು, ಎಂದು ಬರೆದಳು. ತಿಕ್ಕುತ್ತೀರಾ? ಹೌದು. ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಪೆನ್ನು ಒಂದು ಗಳಿಗೆ ನಿಂತಿತು. ಅದಕ್ಕೂ ಹೌದು ಎಂದು ಬರೆದು, ಸಹಿಯ ಜಾಗ ಖಾಲಿ ಬಿಟ್ಟು ಅರ್ಜಿಯನ್ನು ಡಾಕ್ಟರರ ಮೇಜಿನ ಮೇಲಿಟ್ಟಳು.